ಭಾನುವಾರದ ಮಾತ್ರೆ, ಕಡಲಪಾಚಿಯ ಬಾಟಲಿ ಮತ್ತು ನನ್ನ ಲಿವರ್

ಕಳೆದ ಸೋಮವಾರ ಸಂಜೆ ಲ್ಯಾಬಿನವರು ವಾಟ್ಸಾಪಿಗೆ ಕಳಿಸಿದ ರಿಪೋರ್ಟಿನಲ್ಲಿ, ಲಿವರಿಗೆ ಪೆಟ್ಟಾದರೆ ಏರುವ ಎಸ್‌ಜಿಪಿಟಿ 34 ಎಂದು ಬಂದಿತ್ತು. ಮಗಳಿಗೆ ತೋರಿಸಿದೆ, ಅವಳು ಎರಡೆರಡು ಸಲ ಓದಿದಳು. ಆಮೇಲೆ ಅತ್ತೆಯ ಕೋಣೆಗೆ ಹೋಗಿ ಹೇಳಿದೆ. ನವೆಂಬರಿನಲ್ಲಿ ಇದೇ ಅಂಕಿ 312 ಇತ್ತು, ಮರುವಾರ 428ಕ್ಕೆ ಏರಿತ್ತು. 40ರ ಒಳಗೆ ಇರಬೇಕಾದದ್ದು ಅದು. ಗಂಟುನೋವಿಗೆ ಆಸ್ಪತ್ರೆಯ ಮಾತ್ರೆ ತಿನ್ನುತ್ತಲೇ ಅರಸಿನದ ಕ್ಯಾಪ್ಸೂಲು, ಅಮೃತಬಳ್ಳಿ, ಕಡಲಪಾಚಿ ಅಂತ ಒಂದೊಂದನ್ನೇ ಸೇರಿಸಿಕೊಂಡವರು ನಮ್ಮ ಊರಲ್ಲೇ ಎಷ್ಟೋ ಜನ ಇದ್ದಾರೆ. ಅವರಿಗೆ ನಾನು ಪಟ್ಟ ಪಾಡು ಬರಬಾರದು ಅಂತ ಆದದ್ದನ್ನು ಆದ ಕ್ರಮದಲ್ಲೇ ಬರೆಯುತ್ತಿದ್ದೇನೆ.

ನಮ್ಮದು ಉಡುಪಿ ಜಿಲ್ಲೆಯ ಶಂಕರಪುರದ ಹತ್ತಿರ ಮಲ್ಲಿಗೆ ಕೃಷಿ. ಬೆಳಕು ಹರಿಯುವಾಗ ಮೊಗ್ಗು ಕೊಯ್ದು, ಬಾಳೆನಾರಿನಲ್ಲಿ ಕಟ್ಟಿ, ಹತ್ತೂವರೆಯೊಳಗೆ ಏಜೆಂಟರ ಕೈಗೆ ಕೊಡಬೇಕು. ಒಂದು ಚೆಂಡಿಗೆ 800 ಮೊಗ್ಗು, ನಾಲ್ಕು ಚೆಂಡು ಸೇರಿದರೆ ಒಂದು ಅಟ್ಟೆ. ಮದುವೆಯಾಗಿ ಬಂದಾಗಿನಿಂದ, ಅಂದರೆ 22 ವರ್ಷದಿಂದ, ಕಣ್ಣುಮುಚ್ಚಿ ಕಟ್ಟುವಷ್ಟು ಕೈಗೆ ರೂಢಿಯಾಗಿತ್ತು. 2023ರ ಆಟಿ ತಿಂಗಳಲ್ಲಿ, ಅಂದರೆ ಜುಲೈ–ಆಗಸ್ಟ್ ಹೊತ್ತಿಗೆ, ಒಂದು ಬೆಳಿಗ್ಗೆ ನಾರನ್ನು ಬೆರಳಿಗೆ ಸುತ್ತಿ ಎಳೆಯಲು ಹೋದರೆ ತೋರುಬೆರಳು ಮಡಚಲೇ ಇಲ್ಲ. ಬುಡದ ಗಂಟು ಪುನರ್ಪುಳಿ ಹಣ್ಣಿನ ಹಾಗೆ ಊದಿ ಕೆಂಪಾಗಿತ್ತು. ಎದ್ದು ಒಂದು ಗಂಟೆ ಕಳೆಯುವವರೆಗೂ ನೀರಿನ ನಳ್ಳಿ ತಿರುಗಿಸಲಿಕ್ಕೂ ಆಗುತ್ತಿರಲಿಲ್ಲ. ಬಿಸಿಲು ಏರಿದ ಹಾಗೆ ಸಡಿಲವಾಗುತ್ತಿತ್ತು, ಮರುದಿನ ಮತ್ತೆ ಅದೇ ಪಾಡು.

ಮೊದಲ ನಾಲ್ಕು ತಿಂಗಳನ್ನು ನಾನು ವ್ಯರ್ಥ ಮಾಡಿದೆ. ಚಿಕುನ್‌ಗುನ್ಯಾ ಇರಬಹುದು ಎಂದು ಕೆಲವರು ಹೇಳಿದರು, ಮಳೆಗಾಲದ ವಾಯು ಎಂದು ಇನ್ನು ಕೆಲವರು. ಹತ್ತಿರದ ಕ್ಲಿನಿಕ್ಕಿನಲ್ಲಿ ಕೊಟ್ಟ ನೋವಿನ ಮಾತ್ರೆ ತಿಂದು ತಿಂದು ಗ್ಯಾಸ್ಟ್ರಿಕ್ ಆಯಿತು. ಪರಿಚಯದವರೊಬ್ಬರು ತಂದುಕೊಟ್ಟ, ಹೆಸರೂ ಚೀಟಿಯೂ ಇಲ್ಲದ ಒಂದು ಪುಡಿಯಿಂದ ಎರಡೇ ದಿನಕ್ಕೆ ನೋವು ಮಾಯವಾಯಿತು. ಮೂರನೇ ವಾರಕ್ಕೆ ಮುಖ ಊದಿತು, ಭಯವಾಗಿ ನಿಲ್ಲಿಸಿದೆ. ಅದರಲ್ಲಿ ಸ್ಟಿರಾಯ್ಡ್ ಬೆರೆತಿದ್ದಿರಬಹುದು ಎಂದು ಆಮೇಲೆ ಡಾಕ್ಟರು ಅಂದರು, ಆದರೆ ಪರೀಕ್ಷೆ ಮಾಡಿಸಲು ಅಷ್ಟರಲ್ಲಿ ಪುಡಿ ಉಳಿದಿರಲಿಲ್ಲ. ಎರಡು ದಿನದಲ್ಲಿ ಗಂಟುನೋವು ಓಡಿಸುವ ಚೀಟಿಯಿಲ್ಲದ ಪುಡಿಯನ್ನು ದಯವಿಟ್ಟು ಮುಟ್ಟಬೇಡಿ.

ನವೆಂಬರಿನಲ್ಲಿ ಮಂಗಳೂರಿನ ಒಂದು ಆಸ್ಪತ್ರೆಗೆ ಹೋದೆವು. ಗಂಟುನೋವಿನ ಸ್ಪೆಷಲಿಸ್ಟು, ರುಮಟಾಲಜಿಸ್ಟ್ ಅಂತಾರಲ್ಲ, ಅವರ ಅಪಾಯಿಂಟ್‌ಮೆಂಟ್ ಸಿಗಲು ಹದಿನೆಂಟು ದಿನ ಕಾಯಬೇಕಾಯಿತು. ಕಟಪಾಡಿಯಲ್ಲಿ ಬೆಳಿಗ್ಗೆ ಆರೂಕಾಲರ ಎಕ್ಸ್‌ಪ್ರೆಸ್ ಬಸ್ಸು ಹತ್ತಿ, ಕಾಪು, ಪಡುಬಿದ್ರಿ, ಮೂಲ್ಕಿ, ಸುರತ್ಕಲ್ ದಾಟಿ ಹೋಗುವಷ್ಟರಲ್ಲಿ ಬಸ್ಸಿನ ಕಂಬಿ ಹಿಡಿದ ಕೈ ಬಿಡಿಸಲಿಕ್ಕೆ ಇನ್ನೊಂದು ಕೈ ಬೇಕಾಗಿತ್ತು. ಆರ್‌ಎ ಫ್ಯಾಕ್ಟರ್, ಆಂಟಿ ಸಿಸಿಪಿ, ಇಎಸ್‌ಆರ್, ಸಿಆರ್‌ಪಿ ಎಂಬ ರಕ್ತ ಪರೀಕ್ಷೆಗಳು, ಲಿವರ್, ಕಿಡ್ನಿ, ರಕ್ತಕಣಗಳ ಎಣಿಕೆ, ಎರಡೂ ಕೈಗಳ ಎಕ್ಸ್‌ರೇ ಎಲ್ಲ ಸೇರಿ ಆ ದಿನವೇ 4,350 ರೂಪಾಯಿ ಆಯಿತು. ಹೊರರೋಗಿಯ ಖರ್ಚಿಗೆ ನಮ್ಮ ವಿಮೆ ಬರಲಿಲ್ಲ. ಆಂಟಿ ಸಿಸಿಪಿ ರಿಪೋರ್ಟು ಬರಲು ನಾಲ್ಕು ದಿನ ಹಿಡಿಯಿತು. ರುಮಟಾಯ್ಡ್ ಆರ್ಥ್ರೈಟಿಸ್ ಎಂದು ಗೊತ್ತಾದದ್ದು ಆಗ. ಬ್ಯಾಕ್ಟೀರಿಯಾದ ಮೇಲೆ, ವೈರಸ್ಸಿನ ಮೇಲೆ ಹೋಗಬೇಕಾದ ದೇಹದ ರಕ್ಷಣಾ ಕಣಗಳು ಗಂಟುಗಳ ಒಳಪದರದ ಮೇಲೆಯೇ ಬೀಳುತ್ತವೆ. ಅದರಿಂದ ಉರಿಯೂತ, ಊತ, ಬಿಸಿ, ನೋವು. ಹಾಗೇ ಬಿಟ್ಟರೆ ಎಲುಬು ಸವೆದು ಬೆರಳು ವಾಲುತ್ತದೆ. ನನಗೆ ಹತ್ತು ವರ್ಷದಿಂದ ಥೈರಾಯ್ಡ್ ಕೂಡ ಇದೆ. ಅದೂ ಇದೇ ಜಾತಿಯ ಕಾಯಿಲೆ, ಎರಡೂ ಒಬ್ಬರಲ್ಲೇ ಇರುವುದು ಅಪರೂಪವಲ್ಲ ಎಂದರು.

ಮೆಥೊಟ್ರೆಕ್ಸೇಟ್ ಬರೆದುಕೊಟ್ಟರು. ಈ ಮಾತ್ರೆ ವಾರಕ್ಕೆ ಒಂದೇ ದಿನ, ದಿನಾ ತಿನ್ನುವಂಥದ್ದಲ್ಲ. ನಾನು ಭಾನುವಾರ ಇಟ್ಟುಕೊಂಡೆ. ಡಾಕ್ಟರು ಚೀಟಿಯ ಮೇಲೆ ಕೆಂಪು ಶಾಯಿಯಲ್ಲಿ ‘ಭಾನುವಾರ ಮಾತ್ರ’ ಎಂದು ಬರೆದು ಗೆರೆ ಎಳೆದರು, ಔಷಧಿ ಅಂಗಡಿಯವರು ಕವರಿನ ಮೇಲೆ ಮತ್ತೊಮ್ಮೆ ಬರೆದರು. ತಪ್ಪಿ ದಿನಾ ತಿಂದು ರಕ್ತಕಣಗಳು ಕುಸಿದು ಪ್ರಾಣ ಕಳೆದುಕೊಂಡವರಿದ್ದಾರೆ. ಮನೆಯಲ್ಲಿ ವಯಸ್ಸಾದವರಿಗೆ ಈ ಮಾತ್ರೆ ಇದ್ದರೆ ನೀವೇ ಎಣಿಸಿ ಕೊಡಿ. ಮಕ್ಕಳಾಗಬೇಕು ಎಂದಿರುವವರು ಮೊದಲೇ ಡಾಕ್ಟರಿಗೆ ಹೇಳಬೇಕು, ಗರ್ಭಿಣಿಯರು ಇದನ್ನು ತಿನ್ನುವಂತಿಲ್ಲ. ಜೊತೆಗೆ ಫೋಲಿಕ್ ಆಸಿಡ್, ಹೈಡ್ರಾಕ್ಸಿಕ್ಲೋರೊಕ್ವಿನ್ ಕೂಡ ಕೊಟ್ಟರು. ಮೆಥೊಟ್ರೆಕ್ಸೇಟ್ ಲಿವರಿಗೆ ತೊಂದರೆ ಕೊಡಬಹುದು, ಮೊದಲು ತಿಂಗಳಿಗೊಮ್ಮೆ, ಆಮೇಲೆ ಎರಡು ತಿಂಗಳಿಗೊಮ್ಮೆ ರಕ್ತ ಪರೀಕ್ಷೆ ತಪ್ಪಿಸಬಾರದು ಅಂದರು. ಮಾತ್ರೆ ಹಿಡಿತಕ್ಕೆ ಬರಲು ಎಂಟರಿಂದ ಹನ್ನೆರಡು ವಾರ ಬೇಕು, ತಾಳ್ಮೆ ಇರಲಿ ಎಂದೂ ಹೇಳಿದರು.

ಆ ಹನ್ನೆರಡು ವಾರ ಕಳೆಯುವುದು ಬಹಳ ಕಷ್ಟವಾಯಿತು. ಮಾತ್ರೆ ತಿನ್ನುತ್ತಿದ್ದೇನೆ, ನೋವು ಹಾಗೇ ಇದೆ. ಮನೆಗೆ ಬಂದವರೆಲ್ಲ ನನ್ನ ಕೈ ನೋಡುತ್ತಾರೆ, ಒಂದೊಂದು ಮದ್ದು ಹೇಳುತ್ತಾರೆ. ಬೇಡ ಅನ್ನಲು ಆಗ ಮನಸ್ಸಿನಲ್ಲಿ ಶಕ್ತಿಯೇ ಇರಲಿಲ್ಲ.

ಮೊದಲು ಬಂದದ್ದು ಅರಸಿನದ ಕ್ಯಾಪ್ಸೂಲು. ಡಿಸೆಂಬರಿನಲ್ಲಿ ತಂಗಿ ಆನ್‌ಲೈನಿನಲ್ಲಿ ತರಿಸಿಕೊಟ್ಟಳು. 500 ಮಿಲಿಗ್ರಾಂ ಕರ್ಕ್ಯುಮಿನ್, ಕಾಳುಮೆಣಸಿನ ಪೈಪರಿನ್ ಜೊತೆಗೆ, ದಿನಕ್ಕೆರಡು. ಫೆಬ್ರವರಿಯಲ್ಲಿ ಅತ್ತೆ ತೋಟದ ಬೇಲಿಯಿಂದ ಅಮೃತಬಳ್ಳಿ ತಂದು ಕಷಾಯ ಮಾಡಲು ಶುರು ಮಾಡಿದರು. ಕೊರೋನಾ ಕಾಲದಲ್ಲಿ ಊರಿಗೆ ಊರೇ ಕುಡಿದದ್ದು ತಾನೆ. ಮೇ ತಿಂಗಳಲ್ಲಿ ನಾದಿನಿಯ ಮಗ ದುಬೈಯಿಂದ ರಜೆಗೆ ಬಂದಾಗ ದೊಡ್ಡ ಬಾಟಲಿ ತಂದ. ಕಂದು ಕಡಲಪಾಚಿ, ಅದರ ಫ್ಯೂಕಾಯ್ಡನ್ ಎಂಬ ಸಾರ ಮತ್ತು ಕೆಲ್ಪ್ ಎಂಬ ದೊಡ್ಡ ಪಾಚಿಯ ಪುಡಿ. ‘ಮಾಮಿ, ಇದು ಜಪಾನಿನವರು ತಿನ್ನುವುದು, ಉರಿಯೂತಕ್ಕೆ ಒಳ್ಳೆಯದಂತೆ’ ಅಂದ. ಪ್ರೀತಿಯಿಂದಲೇ ತಂದಿದ್ದ.

ಇವೆಲ್ಲ ಸುಳ್ಳು ಮದ್ದು ಎಂದು ನಾನು ಇವತ್ತಿಗೂ ಹೇಳುವುದಿಲ್ಲ. ಮಗಳು ಉಡುಪಿಯಲ್ಲಿ ಬಿಎಸ್ಸಿ ಓದುತ್ತಾಳೆ, ಅವಳು ಕೂತು ಓದಿ ವಿವರಿಸುತ್ತಿದ್ದಳು. ಕಾಲಾಂತರದಿಂದ ನೋವಿಗೆ ಬಳಸುತ್ತಿದ್ದ ವಿಲ್ಲೋ ಮರದ ತೊಗಟೆಯ ಸಾಲಿಸಿನ್ ಎಂಬ ವಸ್ತುವಿನ ಜಾಡು ಹಿಡಿದೇ 1897ರಲ್ಲಿ ಬೇಯರ್ ಕಂಪನಿಯ ಫೆಲಿಕ್ಸ್ ಹಾಫ್‌ಮನ್ ಆಸ್ಪಿರಿನ್ ತಯಾರಿಸಿದ್ದು. ಅದು ಉರಿಯೂತವನ್ನು ಹೇಗೆ ತಗ್ಗಿಸುತ್ತದೆ ಎಂದು ಜಾನ್ ವೇನ್ 1971ರಲ್ಲಿ ತೋರಿಸಿದರು, ಆ ಕೆಲಸಕ್ಕೆ 1982ರಲ್ಲಿ ನೊಬೆಲ್ ಬಂತು. ಮಳೆಗಾಲದಲ್ಲಿ ನಮ್ಮ ಬೇಲಿಗಳಲ್ಲಿ ಕೆಂಪು ಹಳದಿಯಾಗಿ ಅರಳುವ ಅಗ್ನಿಶಿಖೆಯ ಗಡ್ಡೆಯಲ್ಲಿ ಕಾಲ್ಚಿಸಿನ್ ಇದೆ. ಯೂರಿಕ್ ಆಸಿಡ್ ಏರಿ ಕಾಲಿನ ಹೆಬ್ಬೆರಳು ಊದುವವರಿಗೆ ಆಸ್ಪತ್ರೆಯಲ್ಲಿ ಕೊಡುವುದು ಅದೇ ಕಾಲ್ಚಿಸಿನ್, ಅಳತೆ ಮಾಡಿದ ಮಾತ್ರೆಯಾಗಿ. ಗಡ್ಡೆಯನ್ನೇ ತಿಂದರೆ ಜೀವ ಹೋಗುತ್ತದೆ.

ಅರಸಿನದ ವಿಷಯದಲ್ಲಿ ನಮ್ಮ ರಾಜ್ಯದಲ್ಲೇ ನಡೆದ ಕೆಲಸ ಇದೆ. ಅಡುಗೆಯ ಅರಸಿನದಲ್ಲಿ ಕರ್ಕ್ಯುಮಿನ್ ಇರುವುದು ನೂರಕ್ಕೆ ಸುಮಾರು ಮೂರು ಪಾಲು, ಅದರಲ್ಲೂ ರಕ್ತಕ್ಕೆ ಸೇರುವುದು ತೀರಾ ಕಡಿಮೆ. 1998ರಲ್ಲಿ ಬೆಂಗಳೂರಿನ ಸೇಂಟ್ ಜಾನ್ಸ್ ಮೆಡಿಕಲ್ ಕಾಲೇಜಿನವರು 2 ಗ್ರಾಂ ಕರ್ಕ್ಯುಮಿನ್ ಜೊತೆ 20 ಮಿಲಿಗ್ರಾಂ ಪೈಪರಿನ್ ಕೊಟ್ಟು ನೋಡಿದಾಗ, ರಕ್ತಕ್ಕೆ ಸೇರುವ ಪ್ರಮಾಣ ಮನುಷ್ಯರಲ್ಲಿ ಇಪ್ಪತ್ತು ಪಟ್ಟಿನಷ್ಟು ಹೆಚ್ಚಿತು. ಆಮೇಲೆ ಅರಸಿನದ ಕ್ಯಾಪ್ಸೂಲುಗಳಲ್ಲಿ ಕಾಳುಮೆಣಸು ಸೇರಿಸುವುದು ವಾಡಿಕೆಯಾಯಿತು. ಇದನ್ನು ಓದಿ ನಾವಿಬ್ಬರೂ ಖುಷಿಪಟ್ಟಿದ್ದೆವು. ಪೈಪರಿನ್ ಹಾಗೆ ಮಾಡುವುದು ಕರುಳು ಮತ್ತು ಲಿವರು ಔಷಧಿಗಳನ್ನು ಬದಲಿಸಿ ಹೊರಹಾಕುವ ದಾರಿಯನ್ನು ತಡೆದೇ. ಅದೇ ದಾರಿಯಲ್ಲಿ ಬೇರೆ ಔಷಧಿಗಳೂ ಹೋಗಬೇಕು ಎನ್ನುವುದು ಆಗ ನಮಗೆ ಹೊಳೆಯಲಿಲ್ಲ.

ಕಡಲಪಾಚಿಯ ಬಗ್ಗೆಯೂ ಓದಿದೆವು. ಫ್ಯೂಕಾಯ್ಡನ್ ಎಂಬ ಲೋಳೆಯಂಥ ಸಕ್ಕರೆ ಸರಪಳಿಯನ್ನು ಕಂದು ಪಾಚಿಯಿಂದ ಬೇರ್ಪಡಿಸಿದ್ದು 1913ರಲ್ಲಿ, ಸ್ವೀಡನ್ನಿನ ಹರಾಲ್ಡ್ ಕೈಲಿನ್. ಉರಿಯೂತ ಇರುವಲ್ಲಿ ರಕ್ತನಾಳದ ಗೋಡೆಗೆ ಬಿಳಿ ರಕ್ತಕಣಗಳು ಮೊದಲು ಅಂಟಿ, ಆಮೇಲೆ ಒಳಗೆ ನುಗ್ಗುತ್ತವೆ. ಆ ಅಂಟಿಗೆ ಬೇಕಾದ ಸೆಲೆಕ್ಟಿನ್ ಎಂಬ ಕೊಂಡಿಯನ್ನು ಫ್ಯೂಕಾಯ್ಡನ್ ಮುಚ್ಚುತ್ತದೆ. ಹೆಪಾರಿನ್ ಎಂಬ ಔಷಧಿಯ ಹಾಗೆ ರಕ್ತ ಹೆಪ್ಪುಗಟ್ಟುವುದನ್ನೂ ಸ್ವಲ್ಪ ತಡೆಯುತ್ತದೆ, ಹಾಗಾಗಿ ರಕ್ತ ತೆಳು ಮಾಡುವ ಮಾತ್ರೆ ತಿನ್ನುವವರು ಜಾಗ್ರತೆ. ಇದೆಲ್ಲ ಬಹುಪಾಲು ಲ್ಯಾಬಿನ ಕಣಗಳಲ್ಲಿ, ಇಲಿಗಳಲ್ಲಿ ಕಂಡದ್ದು, ಮನುಷ್ಯರ ಮೇಲೆ ಆದದ್ದು ಚಿಕ್ಕ ಚಿಕ್ಕ ಪ್ರಯೋಗಗಳು. ಎಲ್ಲ ಕಡಲಪಾಚಿಯ ಗುಣವೂ ಒಂದೇ ಅಲ್ಲ. ಐಸ್‌ಕ್ರೀಮು ಗಟ್ಟಿ ನಿಲ್ಲಲಿ ಅಂತ ಹಾಕುವ ಕ್ಯಾರಗೀನನ್ ಕೆಂಪು ಪಾಚಿಯದ್ದು. 1962ರಿಂದಲೂ ವಿಜ್ಞಾನಿಗಳು ಉರಿಯೂತದ ಔಷಧಿ ಪರೀಕ್ಷಿಸಲು ಅದೇ ಕ್ಯಾರಗೀನನ್ನನ್ನು ಇಲಿಯ ಪಾದಕ್ಕೆ ಚುಚ್ಚಿ ಊತ ಬರಿಸುತ್ತಾರೆ. ಚುಚ್ಚಿದಾಗ ಹಾಗೆ, ತಿಂದಾಗ ಹಾಗಲ್ಲ. ಆದರೆ ಒಂದು ಪಾಚಿ ಊತ ತಗ್ಗಿಸುತ್ತದೆ, ಇನ್ನೊಂದರ ಸಾರ ಊತ ಬರಿಸುತ್ತದೆ ಎಂದು ತಿಳಿದ ಮೇಲೂ ನನ್ನ ಬಾಟಲಿಯಲ್ಲಿ ಯಾವ ಜಾತಿಯದ್ದು, ಎಷ್ಟು ಇದೆ ಎಂದು ನಾನು ನೋಡಲಿಲ್ಲ. ಕೊಚ್ಚಿಯ ಕೇಂದ್ರ ಸಮುದ್ರ ಮೀನುಗಾರಿಕೆ ಸಂಶೋಧನಾ ಸಂಸ್ಥೆ (ಸಿಎಂಎಫ್‌ಆರ್‌ಐ) ನಮ್ಮ ದೇಶದ ಕಡಲಪಾಚಿಯಿಂದ ಗಂಟುನೋವಿಗೆಂದೇ ಕ್ಯಾಪ್ಸೂಲು ತಯಾರಿಸಿದೆ. ನಾನು ತಿಂದದ್ದು ಅದಲ್ಲ ಎಂದು ಸ್ಪಷ್ಟವಾಗಿ ಹೇಳುತ್ತೇನೆ.

2024ರ ಬೇಸಿಗೆಯಲ್ಲಿ ನನ್ನ ಕೈ ಬಹಳ ಚೆನ್ನಾಗಿತ್ತು. ಮತ್ತೆ ಒಂದು ಚೆಂಡು ಕಟ್ಟಿದೆ, ಆಮೇಲೆ ಎರಡು. ಮಾತ್ರೆ ಹಿಡಿತಕ್ಕೆ ಬಂದ ಸಮಯವೂ, ಅರಸಿನ ಶುರು ಮಾಡಿದ ಸಮಯವೂ ಒಂದೇ. ಗುಣವಾದದ್ದು ಯಾವುದರಿಂದ ಎಂದು ಹೇಗೆ ಹೇಳುವುದು? ನಾನು ಎಲ್ಲವನ್ನೂ ಮುಂದುವರಿಸಿದೆ. ಜೂನಿನ ರಕ್ತ ಪರೀಕ್ಷೆ ಮಳೆಯ ನೆಪದಲ್ಲಿ ತಪ್ಪಿತು, ಆಗಸ್ಟಿನದ್ದು ಹಬ್ಬದ ಹೂವಿನ ಕೆಲಸದಲ್ಲಿ ತಪ್ಪಿತು. ಆ ಎರಡು ಪರೀಕ್ಷೆ ಮಾಡಿಸಿದ್ದರೆ ಇಷ್ಟು ದೂರ ಬರುತ್ತಿರಲಿಲ್ಲ ಎಂಬ ಸಂಕಟ ಇನ್ನೂ ಇದೆ.

ಅಕ್ಟೋಬರಿನಲ್ಲಿ ಹಸಿವು ಹೋಯಿತು. ಗಂಜಿಯ ವಾಸನೆಗೇ ಹೊಟ್ಟೆ ತೊಳಸುತ್ತಿತ್ತು. ರಾತ್ರಿ ಅಂಗಾಲು, ಅಂಗೈ ತುರಿಕೆ. ಉಷ್ಣ ಎಂದು ಎಳನೀರು ಕುಡಿದೆ. ಮೂತ್ರ ಕಡು ಹಳದಿಯಾದದ್ದನ್ನು ಅರಸಿನದ ಬಣ್ಣ ಎಂದುಕೊಂಡೆ. ನವೆಂಬರ್ ಎರಡನೇ ವಾರ ಮೊಗ್ಗು ಕೊಯ್ಯುವಾಗ ಮಗಳು ಬೆಳಕಿಗೆ ಎದುರಾಗಿ ನನ್ನ ಮುಖ ನೋಡಿ, ‘ಅಮ್ಮಾ, ನಿನ್ನ ಕಣ್ಣು ಹಳದಿ ಉಂಟು’ ಅಂದಳು. ಅದೇ ದಿನ ರಕ್ತ ಕೊಟ್ಟೆವು. ಎಸ್‌ಜಿಪಿಟಿ 312, ಕಾಮಾಲೆಯಲ್ಲಿ ಏರುವ ಬಿಲಿರುಬಿನ್ 2.8. ಸಂಜೆ ಆಸ್ಪತ್ರೆಯಿಂದ ಫೋನು ಬಂತು: ಎಲ್ಲ ಮಾತ್ರೆ ನಿಲ್ಲಿಸಿ, ನಾಳೆಯೇ ಬನ್ನಿ, ಮನೆಯಲ್ಲಿ ತಿನ್ನುವ ಪ್ರತಿಯೊಂದನ್ನೂ ಚೀಲದಲ್ಲಿ ಹಾಕಿ ತನ್ನಿ.

ಡಾಕ್ಟರ ಮೇಜಿನ ಮೇಲೆ ಒಂದೊಂದಾಗಿ ಇಟ್ಟೆ. ಅರಸಿನದ ಬಾಟಲಿ, ಕಡಲಪಾಚಿಯ ಬಾಟಲಿ, ಪೇಪರಿನಲ್ಲಿ ಸುತ್ತಿದ ಅಮೃತಬಳ್ಳಿಯ ತುಂಡು, ಶುಂಠಿ ಕಷಾಯದ ಪುಡಿ. ಆಟಿ ಅಮಾವಾಸ್ಯೆಗೆ ನಮ್ಮ ಕಡೆಯ ಪದ್ಧತಿಯಂತೆ, ಬೆಳಗಾಗುವ ಮೊದಲೇ ತೆಗೆದ ಪಾಲೆ ಮರದ ಕೆತ್ತೆಯ (ತೊಗಟೆಯ) ಕಷಾಯ ಕುಡಿದದ್ದನ್ನೂ ಹೇಳಿದೆ. ಅಳು ಬಂತು. ಅವರು ಸುಮ್ಮನೆ ಕಾದು, ಆಮೇಲೆ ಹೇಳಿದರು: ‘ಅಮ್ಮಾ, ಬೈಯಲಿಕ್ಕೆ ತರಿಸಿದ್ದಲ್ಲ ಇದು. ನಿಮ್ಮ ಲಿವರಿಗೆ ಏನೇನು ಹೋಗಿದೆ ಎಂದು ನನಗೆ ಗೊತ್ತಾಗಬೇಕು, ಅಷ್ಟೇ.’ ವರ್ಷಕ್ಕೊಮ್ಮೆ ಕುಡಿಯುವ ಪಾಲೆ ಕಷಾಯದ ಮೇಲೆ ಅವರಿಗೆ ಸಂಶಯ ಇರಲಿಲ್ಲ. ಆದರೆ ಕತ್ತಲಲ್ಲಿ ಕೆತ್ತೆ ತೆಗೆಯುವವರು ಮರವನ್ನು ಹಿಂದಿನ ದಿನವೇ ಗುರುತು ಮಾಡಿಟ್ಟುಕೊಳ್ಳಬೇಕು, ಕಾಸರಕದ ಕೆತ್ತೆ ಬಂದರೆ ಅದು ವಿಷ ಎಂದು ಎಚ್ಚರಿಸಿದರು.

ಇಂಥದ್ದರಲ್ಲಿ ಯಾವುದು ಕಾರಣ ಎಂದು ಬೆರಳು ಮಾಡಿ ತೋರಿಸುವ ಪರೀಕ್ಷೆ ಇಲ್ಲವಂತೆ. ಬೇರೆ ಕಾರಣಗಳನ್ನು ಒಂದೊಂದಾಗಿ ತೆಗೆದುಹಾಕುತ್ತಾ ಹೋಗಬೇಕು. ಹೆಪಟೈಟಿಸ್ ಎ, ಬಿ, ಸಿ, ಇ ನಾಲ್ಕರ ಪರೀಕ್ಷೆ, ಲಿವರಿನ ಮೇಲೆ ದೇಹವೇ ತಿರುಗಿಬಿದ್ದಿದೆಯೇ ಎಂದು ನೋಡುವ ಪರೀಕ್ಷೆಗಳು, ರಕ್ತ ಹೆಪ್ಪುಗಟ್ಟುವ ಪಿಟಿ ಐಎನ್‌ಆರ್, ಹೊಟ್ಟೆಯ ಸ್ಕ್ಯಾನಿಂಗ್. ಸ್ಕ್ಯಾನಿಂಗಿಗೆ ಆರು ಗಂಟೆ ಖಾಲಿ ಹೊಟ್ಟೆಯಲ್ಲಿರಬೇಕು. ನಮಗೆ ಯಾರೂ ಹೇಳಿರಲಿಲ್ಲ, ಬಸ್‌ಸ್ಟ್ಯಾಂಡಿನಲ್ಲಿ ಇಡ್ಲಿ ತಿಂದು ಹೋಗಿ ಮತ್ತೊಂದು ದಿನ ಬರಬೇಕಾಯಿತು. ದೂರದಿಂದ ಹೋಗುವವರು ಹಿಂದಿನ ದಿನವೇ ಫೋನು ಮಾಡಿ ಕೇಳಿಕೊಳ್ಳಿ.

ಎಲ್ಲ ವೈರಸ್ಸೂ ಇಲ್ಲ ಎಂದು ಬಂತು. ಒಂದು ವಾರದ ನಂತರ ಎಸ್‌ಜಿಪಿಟಿ ನೋಡಿದರೆ 428. ಎಲ್ಲ ನಿಲ್ಲಿಸಿದ ಮೇಲೂ ಏರಿದೆ! ಆ ರಾತ್ರಿ ನಾವ್ಯಾರೂ ನಿದ್ದೆ ಮಾಡಲಿಲ್ಲ. ನಿಲ್ಲಿಸಿದ ಕೂಡಲೇ ಇಳಿಯುವುದಿಲ್ಲ, ಕೆಲವು ದಿನ ಏರಿ ಆಮೇಲೆ ಇಳಿಯುವುದೂ ಉಂಟು, ಐಎನ್‌ಆರ್ ಸರಿ ಇದೆ, ಹಾಗಾಗಿ ಧೈರ್ಯವಾಗಿರಿ ಎಂದು ಡಾಕ್ಟರು ಹೇಳಿದರು. ಮಾತು ತಡವರಿಸಿದರೆ, ನಿದ್ದೆಯ ಮಂಪರು ಹಗಲಲ್ಲೂ ಬಿಡದಿದ್ದರೆ ಕಾಯದೆ ಎಮರ್ಜೆನ್ಸಿಗೆ ಬರಬೇಕು ಎಂದರು. ಮಗಳು ನಾಲ್ಕು ರಾತ್ರಿ ನನ್ನ ಪಕ್ಕದಲ್ಲೇ ಮಲಗಿ, ನಡುನಡುವೆ ಎಬ್ಬಿಸಿ ಇವತ್ತು ಯಾವ ವಾರ ಎಂದು ಕೇಳುತ್ತಿದ್ದಳು.

ಕಾರಣದ ಬಗ್ಗೆ ಡಾಕ್ಟರು ಹೇಳಿದ್ದನ್ನು ಇಲ್ಲಿ ಬರೆಯಲೇಬೇಕು. ಮುಂಬೈಯಲ್ಲಿ 2020ರ ಸೆಪ್ಟೆಂಬರಿನಿಂದ ಡಿಸೆಂಬರಿನೊಳಗೆ ಅಮೃತಬಳ್ಳಿ ಸೇವಿಸಿ ಲಿವರ್ ಊದಿದ ಆರು ಜನರ ವಿವರವನ್ನು ಅಲ್ಲಿನ ವೈದ್ಯರು 2021ರಲ್ಲಿ ಪ್ರಕಟಿಸಿದರು. ದೇಹದ ರಕ್ಷಣಾ ವ್ಯವಸ್ಥೆಯನ್ನು ಚುರುಕು ಮಾಡುವ ಬಳ್ಳಿ ಅದು. ಆ ವ್ಯವಸ್ಥೆಯೇ ದಾರಿ ತಪ್ಪಿರುವ ನನ್ನಂಥವರಲ್ಲಿ, ಥೈರಾಯ್ಡಿನಂಥ ಕಾಯಿಲೆ ಇರುವವರಲ್ಲಿ, ಅದು ಲಿವರಿನ ಮೇಲೆ ತಿರುಗಬಹುದು ಎಂಬುದು ಅವರ ವಾದ. ಆಯುಷ್ ಸಚಿವಾಲಯ ಇದನ್ನು ಒಪ್ಪಲಿಲ್ಲ, ಅಮೃತಬಳ್ಳಿಯ ಹಾಗೇ ಕಾಣುವ ಬೇರೆ ಬಳ್ಳಿ ಬಳಸಿರಬಹುದು ಎಂದಿತು. ಅರಸಿನದ ಕ್ಯಾಪ್ಸೂಲಿನ ಬಗ್ಗೆ ಅಮೆರಿಕದ ವೈದ್ಯರು ಲಿವರ್ ಕೆಟ್ಟ ಹತ್ತು ಜನರನ್ನು ಅಧ್ಯಯನ ಮಾಡಿದಾಗ ಏಳು ಜನರಲ್ಲಿ ಎಚ್‌ಎಲ್‌ಎ–ಬಿ 35:01 ಎಂಬ ಒಂದೇ ವಂಶವಾಹಿ ಗುರುತು ಇತ್ತು. ಲಕ್ಷಾಂತರ ಜನ ತಿಂದು ಏನೂ ಆಗದ ವಸ್ತು ಕೆಲವರಿಗೆ ಮಾತ್ರ ಯಾಕೆ ಆಗದು ಎಂಬುದಕ್ಕೆ ಅದೊಂದು ಸುಳಿವು. ನನ್ನಲ್ಲಿ ಮೆಥೊಟ್ರೆಕ್ಸೇಟೂ ಇತ್ತು. ‘ಮೂರರಲ್ಲಿ ಯಾರು ಎಂದು ನಾನು ಪ್ರಮಾಣ ಮಾಡಿ ಹೇಳಲಾರೆ’ ಎಂದರು. ಹಾಗೆ ನೇರವಾಗಿ ಹೇಳಿದ್ದು ನನಗೆ ಸಮಾಧಾನ ತಂದಿತು.

ಕಡಲಪಾಚಿ ಮಾಡಿದ್ದು ಬೇರೆಯೇ ಕೆಲಸ. ಯಾಕೆ ಇಷ್ಟು ಸುಸ್ತು ಎಂದು, ಥೈರಾಯ್ಡ್ ಸೋತಷ್ಟೂ ಏರುವ ಟಿಎಸ್‌ಎಚ್ ನೋಡಿಸಿದರೆ 3.1 ಇದ್ದದ್ದು 14.6 ಆಗಿತ್ತು. ದೊಡ್ಡವರಿಗೆ ದಿನಕ್ಕೆ ಬೇಕಾದ ಅಯೋಡಿನ್ 150 ಮೈಕ್ರೊಗ್ರಾಂ. ಕೆಲವು ಕೆಲ್ಪ್ ಜಾತಿಗಳ ಒಂದೇ ಗ್ರಾಂ ಒಣಪುಡಿಯಲ್ಲಿ 2,000 ಮೈಕ್ರೊಗ್ರಾಂ ದಾಟಿ ಇರುತ್ತದೆ. ಅಯೋಡಿನ್ ಅತಿಯಾದರೆ ಥೈರಾಯ್ಡ್ ಕೆಲಸ ನಿಲ್ಲಿಸುತ್ತದೆ. ಆರೋಗ್ಯವಂತರಲ್ಲಿ ಕೆಲವೇ ದಿನಕ್ಕೆ ಸರಿಹೋಗುತ್ತದೆ, ಮೊದಲೇ ಸೊರಗಿದ ಥೈರಾಯ್ಡ್ ಇರುವವರಲ್ಲಿ ಹಾಗೆ ಸುಲಭವಾಗಿ ಎದ್ದೇಳುವುದಿಲ್ಲ. ನನ್ನ ಬಾಟಲಿಯ ಮೇಲೆ ಕೆಲ್ಪ್ ಎಷ್ಟು ಎಂದಿತ್ತು, ಅಯೋಡಿನ್ ಎಷ್ಟು ಎಂದು ಇರಲಿಲ್ಲ. ಥೈರಾಯ್ಡ್ ಮಾತ್ರೆ ತಿನ್ನುವವರು ಕಡಲಪಾಚಿ ಶುರು ಮಾಡುವ ಮೊದಲು ಈ ಒಂದು ಅಂಕಿಯನ್ನು ಹುಡುಕಿ. ಸಿಗದಿದ್ದರೆ ತಿನ್ನಬೇಡಿ. ಪುಡ್ಡಿಂಗಿಗೆ ಹಾಕುವ ಚೈನಾ ಗ್ರಾಸ್ ಕೂಡ ಕಡಲಪಾಚಿಯದ್ದೇ, ಅದನ್ನು ಬಿಡಬೇಕೇ ಎಂದು ಕೇಳಿದೆ. ಅಪರೂಪಕ್ಕೆ ತಿನ್ನಲು ಅಡ್ಡಿಯಿಲ್ಲ ಎಂದರು.

ಅತ್ತೆಗೆ ಹೇಳುವುದು ಇದೆಲ್ಲಕ್ಕಿಂತ ಕಷ್ಟವಾಗಿತ್ತು. ಒಂಬತ್ತು ತಿಂಗಳು, ನಾನು ಏಳುವ ಮೊದಲೇ ಎದ್ದು, ಬಳ್ಳಿ ಜಜ್ಜಿ, ಹಿತ್ತಾಳೆಯ ಚೊಂಬಿನಲ್ಲಿ ಕುದಿಸಿ, ಬೆಲ್ಲದ ತುಂಡಿನ ಜೊತೆ ಕೈಗೆ ಕೊಟ್ಟವರು. ಆಸ್ಪತ್ರೆಯಿಂದ ಬಂದ ಮರುದಿನವೂ ಲೋಟ ಹಿಡಿದು ನಿಂತಿದ್ದರು. ‘ಅತ್ತೆ, ಸದ್ಯಕ್ಕೆ ಬೇಡವಂತೆ’ ಅಂದೆ. ಏನೂ ಕೇಳಲಿಲ್ಲ. ಲೋಟವನ್ನು ತೊಂಡೆ ಚಪ್ಪರದ ಬುಡಕ್ಕೆ ಚೆಲ್ಲಿ ಒಳಗೆ ಹೋದರು. ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಮೂರನೇ ದಿನ ಅವರ ಪಕ್ಕ ಕೂತು, ಕಾರಣ ಇದೊಂದೇ ಎಂದು ಯಾರೂ ಹೇಳಿಲ್ಲ, ಪೇಟೆಯ ಕ್ಯಾಪ್ಸೂಲೂ ಇತ್ತು, ಆಸ್ಪತ್ರೆಯ ಮಾತ್ರೆಯೂ ಇತ್ತು ಎಂದು ವಿವರಿಸಿದೆ. ‘ನಾನು ಕೊಟ್ಟದ್ದು ನಿನಗೆ ಆಗಲಿಲ್ಲವಲ್ಲ ಮಗಾ’ ಎಂದು ನನ್ನ ಕೈಯನ್ನು ತಮ್ಮ ಮಡಿಲಲ್ಲಿ ಇಟ್ಟುಕೊಂಡು ಬಹಳ ಹೊತ್ತು ಕೂತರು. ಮನೆಯ ಹಿರಿಯರು ಮಾಡಿಕೊಟ್ಟ ಮದ್ದನ್ನು ನಿಲ್ಲಿಸಬೇಕಾಗಿ ಬಂದರೆ ಆಸ್ಪತ್ರೆಗೆ ಅವರನ್ನೂ ಕರೆದುಕೊಂಡು ಹೋಗಿ. ನಾನು ಹಾಗೆ ಮಾಡಿದ್ದರೆ ಅವರಿಗೆ ಆ ಎರಡು ದಿನದ ನೋವು ಇರುತ್ತಿರಲಿಲ್ಲ.

ಮೆಥೊಟ್ರೆಕ್ಸೇಟ್ ನಿಲ್ಲಿಸಿದ್ದರಿಂದ ಡಿಸೆಂಬರಿನಲ್ಲಿ ಗಂಟುಗಳು ಮತ್ತೆ ಊದಿದವು, ಈ ಸಲ ಮೊಣಕಾಲೂ ಸೇರಿತು. ಸ್ವಲ್ಪ ಪ್ರಮಾಣದ ಸ್ಟಿರಾಯ್ಡಿನಲ್ಲಿ ದಿನ ದೂಡಿದೆ. ಆಗ ನೆರವಾದದ್ದು ನೆಕ್ಕಿ (ಲಕ್ಕಿ) ಸೊಪ್ಪು. ಸೊಪ್ಪು ಹಾಕಿ ಕುದಿಸಿದ ನೀರು ಉಗುರುಬೆಚ್ಚಗಾದ ಮೇಲೆ ಕೈ ಮುಳುಗಿಸಿ ಕೂರುವುದು. ಹೊರಗಿನಿಂದ ಮಾಡುವುದಕ್ಕೆ ಡಾಕ್ಟರ ಅಭ್ಯಂತರ ಇರಲಿಲ್ಲ. ಅತ್ತೆ ಈಗ ಮುಂಜಾನೆ ಎದ್ದು ನೆಕ್ಕಿ ನೀರು ಕಾಯಿಸುತ್ತಿದ್ದರು.

ಉಡುಪಿಯಲ್ಲಿ ಒಬ್ಬರು ಆಯುರ್ವೇದ ವೈದ್ಯರನ್ನೂ ಕಂಡೆ. ಅವರು ಎಲ್ಲ ರಿಪೋರ್ಟು ಓದಿದ ಮೇಲೆ ಕೇಳಿದ್ದು ಒಂದೇ: ‘ಅಮೃತಬಳ್ಳಿ ಕುಡಿಯುವ ಮೊದಲು ನಮ್ಮವರಲ್ಲಿ ಒಬ್ಬರನ್ನಾದರೂ ಕೇಳಿದ್ದಿರಾ?’ ಕೇಳಿರಲಿಲ್ಲ. ಎಷ್ಟು ದಿನ, ಎಷ್ಟು ಪ್ರಮಾಣ, ಯಾವ ಪಥ್ಯ ಎಂಬ ಲೆಕ್ಕವಿಲ್ಲದೆ ವರ್ಷಗಟ್ಟಲೆ ಕುಡಿಯುವುದು ಆಯುರ್ವೇದವೂ ಅಲ್ಲ ಎಂದರು. ಲಿವರ್ ಸರಿಯಾಗುವವರೆಗೆ ಒಳಗೆ ಏನೂ ಬೇಡ ಎಂದು ಚೀಟಿ ಬರೆಯದೆ ಕಳಿಸಿದರು, ಫೀಸೂ ತೆಗೆದುಕೊಳ್ಳಲಿಲ್ಲ.

ಎಸ್‌ಜಿಪಿಟಿ ಡಿಸೆಂಬರಿನಲ್ಲಿ 190, ಜನವರಿಯಲ್ಲಿ 88, ಫೆಬ್ರವರಿ ಮಧ್ಯದಲ್ಲಿ 39. ಆಮೇಲೆ ಕಡಿಮೆ ಪ್ರಮಾಣದಲ್ಲಿ ಮೆಥೊಟ್ರೆಕ್ಸೇಟ್ ಮತ್ತೆ ಶುರು ಮಾಡಿದರು. ಆ ಮೊದಲ ಭಾನುವಾರ ಮಾತ್ರೆ ನುಂಗಲು ಅರ್ಧ ಗಂಟೆ ಕೈಯಲ್ಲೇ ಹಿಡಿದು ಕೂತಿದ್ದೆ. ಎರಡು ವಾರಕ್ಕೊಮ್ಮೆ ಪರೀಕ್ಷೆ. ಎಂಟು ವಾರ ಕಳೆದಿದೆ, 34ರಲ್ಲಿ ನಿಂತಿದೆ. ಟಿಎಸ್‌ಎಚ್ ಕೂಡ 4ರ ಒಳಗೆ ಬಂದಿದೆ. ಲಿವರಿನ ಈ ಪ್ರಕರಣಕ್ಕೆ ಪರೀಕ್ಷೆ, ಫೀಸು, ಬಸ್ಸು ಎಲ್ಲ ಸೇರಿ 18,600 ರೂಪಾಯಿ ಖರ್ಚಾಗಿದೆ. ತಿಂಗಳ ಮಾತ್ರೆಗಳನ್ನು ಜನೌಷಧಿ ಅಂಗಡಿಯಿಂದ ತರಿಸಿದ್ದರಿಂದ ಅಲ್ಲಿ ಸ್ವಲ್ಪ ಉಳಿಯಿತು. ಕಟ್ಟದೆ ಹೋದ ಮಲ್ಲಿಗೆಯ ಲೆಕ್ಕ ಹಾಕಿಲ್ಲ.

ಇನ್ನೊಂದು ಕೆಲಸ ಮಾಡಿದೆವು. ಔಷಧಿಯಿಂದಾದ ತೊಂದರೆಯನ್ನು ಸರ್ಕಾರದ ಔಷಧಿ ಸುರಕ್ಷತಾ ವಿಭಾಗಕ್ಕೆ ರೋಗಿಗಳೇ ವರದಿ ಮಾಡಬಹುದು, ಅದಕ್ಕೆ ಕನ್ನಡದಲ್ಲೂ ಫಾರಂ ಇದೆ. ಉಚಿತ ನಂಬರು 1800-180-3024. ಮಗಳು ತುಂಬಿ ಕಳಿಸಿದಳು. ಫಾರಂನಲ್ಲಿ ಬ್ಯಾಚ್ ನಂಬರ್ ಕೇಳುತ್ತಾರೆ. ಅರಸಿನದ ಮೊದಲ ಬಾಟಲಿಗಳನ್ನು ನಾನು ಬಿಸಾಡಿದ್ದೆ, ಕೊನೆಯದರ ನಂಬರು ಮಾತ್ರ ಸಿಕ್ಕಿತು. ಬಾಟಲಿ ಖಾಲಿಯಾದರೂ ಆರು ತಿಂಗಳು ಇಟ್ಟುಕೊಳ್ಳಿ, ಅಥವಾ ಚೀಟಿಯ ಫೋಟೋ ತೆಗೆದಿಡಿ.

ಈಗ ನಮ್ಮ ಅಡುಗೆಮನೆಯ ಗೋಡೆಗೆ ಒಂದು 100 ಪುಟದ ನೋಟುಬುಕ್ಕು ತೂಗುಹಾಕಿದೆ. ನಾನು ಮದ್ದು ಅಂತ ಏನೇ ಬಾಯಿಗೆ ಹಾಕಿದರೂ ತಾರೀಕು, ಹೆಸರು, ಎಷ್ಟು ಎಂದು ಅದರಲ್ಲಿ ಬರೆಯಬೇಕು, ಪ್ರತಿ ಸಲ ಡಾಕ್ಟರಲ್ಲಿಗೆ ಹೋಗುವಾಗ ಅದೂ ಜೊತೆಗೆ ಹೋಗಬೇಕು. ಸಾರಿಗೆ ಹಾಕುವ ಅರಸಿನ ಬರೆಯುವುದಿಲ್ಲ, ಅಷ್ಟಕ್ಕೆ ಡಾಕ್ಟರೂ ಬೇಡ ಅಂದಿಲ್ಲ. ನಿನ್ನೆ ಶೀತಕ್ಕೆ ಅಂತ ಅತ್ತೆ ಶುಂಠಿ ಕಷಾಯ ಕೊಟ್ಟರು. ಕುಡಿದು ಬರೆಯೋಣ ಎಂದು ಪುಸ್ತಕ ತೆಗೆದರೆ, ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟ ಅವರ ದಪ್ಪ ಅಕ್ಷರದಲ್ಲಿ ಆಗಲೇ ಬರೆದಾಗಿತ್ತು: ‘ಸಂಜೆ. ಶುಂಠಿ. ಅರ್ಧ ಲೋಟ ಮಾತ್ರ.’